ಪ್ರಶ್ನೋತ್ತರ: ಪೋಡು, ಹಾಡಿಗಳಲ್ಲಿ (ಕಾಡಿನ ಬುಡಕಟ್ಟು ಜನರ ಊರುಗಳಲ್ಲಿ) ಕಣ್ಣಿನ ಆರೈಕೆ

ಆಶಾ ಕಾರ್ಯಕರ್ತೆ, ಬಿಳಿಗಿರಿರಂಗನ ಬೆಟ್ಟ: ಮೇಡಂ, ನಮ್ಮ ಪೋಡಿನ ಯುವಕನೊಬ್ಬನಿಗೆ ಲಂಟಾನ ಕಳೆಗಿಡ ಕಡಿಯುವಾಗ ಕಣ್ಣಿಗೆ ಕಡ್ಡಿ ಗೀರಿ ಐದು ದಿನವಾಯಿತು. ಕರಿಗುಡ್ಡೆಯ ಮೇಲೆ ಅರ್ಧ ಅಕ್ಕಿಕಾಳಿನಷ್ಟು ಬಿಳಿ ಮಚ್ಚೆ ಎದ್ದಿದೆ. ಮೆಡಿಕಲ್ ಅಂಗಡಿಯ ಡ್ರಾಪ್ಸ್‌ನಿಂದ ಮೊದಲ ದಿನ ಉರಿ ತಗ್ಗಿತ್ತು. ಈಗ ಬೆಳಕಿಗೆ ಕಣ್ಣು ಬಿಡಲಾಗುತ್ತಿಲ್ಲ. ಮುಂದಿನ ವಾರದ ಕಣ್ಣಿನ ಶಿಬಿರಕ್ಕೆ ಕರೆತರಬಹುದೇ?

ನೇತ್ರತಜ್ಞೆ: ಶಿಬಿರಕ್ಕೆ ಕಾಯಬೇಡಿ, ಇಂದೇ ಹೊರಡಿಸಿ. ಗಿಡದ ಕಡ್ಡಿ ತಗುಲಿದ ಕಣ್ಣಿನಲ್ಲಿ ಬಿಳಿ ಮಚ್ಚೆ ಕಂಡರೆ, ಬೇರೆಯದೆಂದು ಖಚಿತವಾಗುವವರೆಗೆ ಅದನ್ನು ಶಿಲೀಂಧ್ರದಿಂದಾದ ಕಾರ್ನಿಯಾ (ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ) ಹುಣ್ಣೆಂದೇ ಎಣಿಸಬೇಕು. ಬಾಟಲಿಯ ಮೇಲೆ ಡೆಕ್ಸಾಮೆಥಸೋನ್, ಬೀಟಾಮೆಥಸೋನ್ ಅಥವಾ ಪ್ರೆಡ್ನಿಸೊಲೋನ್ ಎಂದಿದೆಯೇ ನೋಡಿ ತಿಳಿಸಿ. ಇವೆಲ್ಲ ಸ್ಟೀರಾಯ್ಡ್‌ಗಳು, ಕೆಂಪನ್ನೂ ಉರಿಯನ್ನೂ ಅಡಗಿಸಿ, ವಾಸಿಯಾಯಿತೆಂಬ ಭ್ರಮೆ ಹುಟ್ಟಿಸಿ, ಒಳಗೊಳಗೇ ಶಿಲೀಂಧ್ರ ಹಬ್ಬಲು ಬಿಡುತ್ತವೆ. ಆ ಹನಿಯನ್ನು ನಿಲ್ಲಿಸಿ, ಬಾಟಲಿಯನ್ನು ಜೊತೆಯಲ್ಲೇ ಕಳುಹಿಸಿ, ಕಣ್ಣಿಗೆ ಪಟ್ಟಿ ಬಿಗಿಯಬೇಡಿ. ಆಸ್ಪತ್ರೆಯಲ್ಲಿ ಹುಣ್ಣನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಶಿಲೀಂಧ್ರವೇ ಆಗಿದ್ದರೆ 5% ನಾಟಾಮೈಸಿನ್ ಹನಿಯನ್ನು ಮೊದಲ ದಿನಗಳಲ್ಲಿ ಗಂಟೆಗೊಮ್ಮೆ, ಅನಂತರ ಅಂತರ ಹೆಚ್ಚಿಸುತ್ತಾ ವಾರಗಟ್ಟಲೆ ಹಾಕಬೇಕಾಗುತ್ತದೆ. ಕೂಲಿಗೆ ಹೋಗುವವನು ಮನೆಯಲ್ಲಿದ್ದುಕೊಂಡು ಇದನ್ನು ಪಾಲಿಸುವುದು ಆಗದ ಮಾತಾದ್ದರಿಂದ, ಒಳರೋಗಿಯಾಗಿ ಸೇರಿಸಿಕೊಳ್ಳುವಂತೆ ನೀವೇ ಒತ್ತಾಯಿಸಿ.

ಸದಸ್ಯ 1: ಶುದ್ಧ ಹೆಜ್ಜೇನಿನ ಎರಡು ಹನಿ ಬಿಟ್ಟರೆ ವಯಸ್ಸಾದವರ ಕಣ್ಣಿನ ಪೊರೆ ಕರಗುತ್ತದೆ ಎಂಬ ಸಂದೇಶ ಬಂದಿದೆ. ಕಾಡಿನವರಿಗೆ ಜೇನಿಗೇನು ಬರ?

ನೇತ್ರತಜ್ಞೆ: ಕರಗುವುದಿಲ್ಲ. ಪೊರೆ ಬರುವುದು ಕಣ್ಣಿನೊಳಗಿನ ಮಸೂರಕ್ಕೆ. ಅದಕ್ಕೆ ಶಸ್ತ್ರಚಿಕಿತ್ಸೆಯೊಂದೇ ದಾರಿ.

ಸದಸ್ಯ 2: ಈರುಳ್ಳಿ ರಸ?

ನೇತ್ರತಜ್ಞೆ: ಮೇಲಿನ ಉತ್ತರವನ್ನು ಓದಿ.

ಶಿಕ್ಷಕಿ, ಹೆಗ್ಗಡದೇವನಕೋಟೆ: ನಮ್ಮ ಆಶ್ರಮ ಶಾಲೆಯಲ್ಲಿ ಕನ್ನಡಕ ಪಡೆದ ಜೇನುಕುರುಬ ಮಕ್ಕಳು ಹಾಡಿಗೆ ಹೋದೊಡನೆ ಅದನ್ನು ತೆಗೆದಿಡುತ್ತಾರೆ. ಏನು ಮಾಡಬೇಕು?

ನಿವೃತ್ತ ಉಪನ್ಯಾಸಕ: ನೇತ್ರವೈದ್ಯ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಪೊರೆಯ ಶಸ್ತ್ರಚಿಕಿತ್ಸೆ ಮಾಡಿದರು. ಜನ ಅವರನ್ನು ‘ಕಣ್ಣು ಕೊಟ್ಟ ಅಣ್ಣ’ ಎಂದು ಕರೆದರು. ಈಗಿನ ವೈದ್ಯರು ಮಾತ್ರ ವೃದ್ಧರನ್ನು ಪಟ್ಟಣಕ್ಕೆ ಏಕೆ ಎಳೆದಾಡುತ್ತಾರೆ?

ಶುಶ್ರೂಷಕಿ: ಈಗ ಕಣ್ಣಿನೊಳಗೆ ಕೃತಕ ಮಸೂರವನ್ನು ಕೂರಿಸುತ್ತಾರೆ, ಸಾರ್. ಶಾಲೆಯ ಕೊಠಡಿಯಲ್ಲಿ ಮಾಡಿ ಸೋಂಕು ತಗುಲಿದರೆ ಕಣ್ಣೇ ಹೋಗುತ್ತದೆ.

ನಿವೃತ್ತ ಉಪನ್ಯಾಸಕ: ಮಹನೀಯರ ಸೇವೆಯನ್ನು ಹಗುರ ಮಾಡಬೇಡಿ.

ಶುಶ್ರೂಷಕಿ: ಹಗುರ ಮಾಡಿದ್ದು ಯಾವ ಮಾತಿನಲ್ಲಿ? ಓದದೆ ಉತ್ತರಿಸುವುದು ಉಪನ್ಯಾಸಕರಿಗೆ ಶೋಭಿಸುವುದಿಲ್ಲ.

ಸೋಲಿಗ ಯುವಕ: ಶಸ್ತ್ರಚಿಕಿತ್ಸೆ ಎಲ್ಲಾದರೂ ಆಗಲಿ. ಕರೆದೊಯ್ದ ವ್ಯಾನು ವಾಪಸು ಬರುವಾಗ ಮುಖ್ಯರಸ್ತೆಯಲ್ಲೇ ಇಳಿಸಿ ಹೋಗುತ್ತದೆ. ಕಪ್ಪು ಕನ್ನಡಕದ ಅಜ್ಜಿ ಅಲ್ಲಿಂದ ಆನೆ ಓಡಾಡುವ ದಾರಿಯಲ್ಲಿ ನಡೆದೇ ಪೋಡು ಸೇರಬೇಕು. ಅದನ್ನು ಕಂಡ ಮೇಲೆ ಇನ್ನೊಬ್ಬರು ಹೊರಡುತ್ತಾರೆಯೇ?

ನೇತ್ರತಜ್ಞೆ: ಇದುವರೆಗಿನ ಚರ್ಚೆಯಲ್ಲಿ ಕೆಲಸಕ್ಕೆ ಬರುವ ಮಾತು ಇದೊಂದೇ. ಪೋಡಿನವರೆಗೆ ಬಿಡುವ ಖರ್ಚನ್ನು ಶಿಬಿರದ ಲೆಕ್ಕದಲ್ಲೇ ಸೇರಿಸಬೇಕು. ಶಸ್ತ್ರಚಿಕಿತ್ಸೆಯಾದವರು ಹೊಗೆ ತುಂಬಿದ ಒಲೆಯ ಬಳಿ ಕೂರದಂತೆಯೂ ಕಣ್ಣಿಗೆ ನೀರು ತಾಗದಂತೆಯೂ ನೋಡಿಕೊಂಡು, ನಾಲ್ಕರಿಂದ ಆರು ವಾರ ಹನಿ ಹಾಕಲು ಮನೆಯವರೊಬ್ಬರಿಗೆ ಮೊದಲೇ ಕಲಿಸಬೇಕು. ನೋವು ಹೆಚ್ಚಿದರೆ ಅಥವಾ ಬಂದ ದೃಷ್ಟಿ ಮಂಕಾದರೆ ಅಂದೇ ಆಸ್ಪತ್ರೆಗೆ ಬರಬೇಕು.

ಸದಸ್ಯ 3: ಎದೆಹಾಲು ನೈಸರ್ಗಿಕವಲ್ಲವೇ? ಗೀರಿದ ಕಣ್ಣಿಗೆ ಅದನ್ನಾದರೂ ಬಿಡಬಹುದಲ್ಲ?

ನೇತ್ರತಜ್ಞೆ: ಶಿಲೀಂಧ್ರವೂ ನೈಸರ್ಗಿಕವೇ. ಗೀರಿದ ಕಣ್ಣಿಗೆ ಮನೆಮದ್ದು ಯಾವುದೂ ಬೇಡ. ಇನ್ನು ಬಂದ ಸಂದೇಶಗಳನ್ನು ಇಲ್ಲಿಗೆ ಸಾಗಿಸಬೇಡಿ.

ಸದಸ್ಯ 3: ಕೇಳಿದ್ದಕ್ಕೆ ಇಷ್ಟು ಸಿಡುಕೇಕೆ?

ಆಶಾ ಕಾರ್ಯಕರ್ತೆ: ಮೇಡಂ, ಬಾಟಲಿಯ ಮೇಲೆ ಡೆಕ್ಸಾಮೆಥಸೋನ್ ಎಂದೇ ಇದೆ. ಜೀಪಿನವರು ನಾಳೆ ಬೆಳಿಗ್ಗೆ ಬರುತ್ತೇವೆ ಎನ್ನುತ್ತಿದ್ದಾರೆ.

ನೇತ್ರತಜ್ಞೆ: ನಾಳೆ ಬೇಡ. 108 ಆಂಬುಲೆನ್ಸ್‌ಗೆ ಕರೆ ಮಾಡಿ, ಅರಣ್ಯ ಇಲಾಖೆಯ ಗೇಟು ಮುಚ್ಚುವ ಮೊದಲು ಬೆಟ್ಟ ಇಳಿಸಿ. ಕಣ್ಣಿನ ಫೋಟೊ ನನಗೆ ಕಳುಹಿಸಿ. ಆಸ್ಪತ್ರೆಯವರೊಂದಿಗೆ ನಾನೇ ಮಾತನಾಡುತ್ತೇನೆ.