ತುಮಕೂರಿಗೂ ಅರಸೀಕೆರೆಗೂ ಒಂದೇ ಚಾರ್ಜಾ? ಸಹಾಯ ಬೇಕು

ರೈಲು ಟಿಕೆಟ್ ಲೆಕ್ಕ ಗೊತ್ತಿರುವವರು ದಯವಿಟ್ಟು ಹೇಳಿ. ಅಮ್ಮನಿಗೆ ಮಂಡಿನೋವು, ಕೂತು ಹೋಗೋದು ಕಷ್ಟ. ಅದಕ್ಕೇ ಬೆಂಗಳೂರಿನಿಂದ ತುಮಕೂರಿಗೆ ಸ್ಲೀಪರ್ ನೋಡಿದೆ. ಸುಮಾರು 70 ಕಿ.ಮೀ. ಅಷ್ಟೇ. ಅದೇ ರೈಲಿಗೆ ಅರಸೀಕೆರೆ ಅಂತ ಹಾಕಿದರೆ ಒಂದು ರೂಪಾಯಿಯೂ ಜಾಸ್ತಿ ತೋರಿಸಲಿಲ್ಲ! ನನ್ನ ಫೋನೇ ಕೆಟ್ಟಿದೆ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಸ್ಲೀಪರ್‌ನಲ್ಲಿ ಎಷ್ಟೇ ಹತ್ತಿರ ಹೋದರೂ ಕನಿಷ್ಠ 200 ಕಿ.ಮೀ. ದುಡ್ಡು ಕೊಡಬೇಕಂತೆ. ತ್ರೀ ಟೈರ್ ಎಸಿಗೆ 300.

ಈಗ ನನ್ನ ಪೇಚಾಟ ಇದು. ಅಮ್ಮ ತುಮಕೂರಲ್ಲಿ ಅಕ್ಕನ ಮನೆಗೆ ಹೋಗಿ, ಎರಡು ದಿನ ಬಿಟ್ಟು ಅರಸೀಕೆರೆಗೆ ಹೊರಡಬೇಕು. ಎರಡು ಟಿಕೆಟ್ ಮಾಡಿಸಿದರೆ ಎರಡು ಸಲವೂ 200 ಕಿ.ಮೀ. ಲೆಕ್ಕ, ಎರಡು ಸಲವೂ 20 ರೂಪಾಯಿ ರಿಸರ್ವೇಷನ್. ಸೂಪರ್‌ಫಾಸ್ಟ್ ಆದರೆ ಮೇಲೆ ಇನ್ನೊಂದು 30. ಒಂದೇ ಟಿಕೆಟ್‌ನಲ್ಲಿ ಮಧ್ಯೆ ಇಳಿದು ಹೋಗೋಣ ಅಂದರೆ, ಆ ಅನುಕೂಲ 500 ಕಿ.ಮೀ. ದಾಟಿದ ಪ್ರಯಾಣಕ್ಕೆ ಮಾತ್ರ.

ತುಮಕೂರು–ಅರಸೀಕೆರೆಗೆ ಹಗಲಿನ ಯಾವ ರೈಲಿನ ಸೆಕೆಂಡ್ ಸಿಟ್ಟಿಂಗ್‌ನಲ್ಲಿ ಕಾಲು ಚಾಚುವಷ್ಟು ಜಾಗ ಸಿಗುತ್ತೆ? ಅಮ್ಮನ ಜೊತೆ 7 ವರ್ಷದ ಮಗನೂ ಇರ್ತಾನೆ. ಸ್ಲೀಪರ್‌ನಲ್ಲಿ ಅವನಿಗೆ ಬೇರೆ ಬರ್ತ್ ಬೇಡ ಅಂದರೆ ಅರ್ಧ ಚಾರ್ಜ್ ಅಲ್ವಾ, ಆ ಅರ್ಧವೂ 200 ಕಿ.ಮೀ. ಲೆಕ್ಕದಲ್ಲೇನಾ? ಹೋಗಿ ಬಂದವರು ಹೇಳಿ, ಶನಿವಾರದೊಳಗೆ ಬುಕ್ ಮಾಡಬೇಕು.