ಸಹಾಯ ಬೇಕು: ಚಳಿಯ ರಾತ್ರಿಯಲ್ಲಿ ಮಗುವನ್ನು ಹೇಗೆ ಮಲಗಿಸುತ್ತೀರಿ?

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳಿಗೆ ಈಗ ಐದು ತಿಂಗಳು. ಅವಳಿಗೆ ಇದು ಮೊದಲ ಚಳಿಗಾಲ. ಹಗಲು ಹೇಗೋ ನಡೆಯುತ್ತದೆ, ರಾತ್ರಿಯದೇ ಚಿಂತೆ.

ಒಂದು ವರ್ಷ ತುಂಬುವವರೆಗೆ ಮಲಗಿದ ಮಗುವಿನ ಹತ್ತಿರ ಸಡಿಲವಾದ ಹೊದಿಕೆ, ದಿಂಬು ಬೇಡ, ಮುಖದ ಮೇಲೆ ಬಂದರೆ ಉಸಿರು ಕಟ್ಟಬಹುದು ಎಂದು ಡಾಕ್ಟರ್ ಹೇಳಿದ್ದಾರೆ. ಮಲಗಿಸುವಾಗ ಟೋಪಿಯೂ ಬೇಡವಂತೆ. ಮಗುವಿನ ಮೈ ಬಿಸಿ ತಲೆಯಿಂದಲೂ ಹೊರಹೋಗಬೇಕು, ಮೈ ಜಾಸ್ತಿ ಕಾಯುವುದೂ ಅಪಾಯ. ಆದರೆ ಬೆಳಗಿನ ಜಾವ ಅವಳ ಕೈ ಮುಟ್ಟಿದರೆ ತಣ್ಣಗೆ! ಕೈಕಾಲು ತಣ್ಣಗಿರುವುದು ಸಹಜ, ಎದೆ ಅಥವಾ ಕತ್ತಿನ ಹಿಂಭಾಗ ಮುಟ್ಟಿ ನೋಡಬೇಕು ಅಂತ ಗೊತ್ತು. ಅಲ್ಲಿ ಬೆಚ್ಚಗೇ ಇರುತ್ತದೆ. ಆದರೂ ಅತ್ತೆಯವರಿಗೆ ಸಮಾಧಾನವಿಲ್ಲ. ದಪ್ಪ ಕಂಬಳಿ ಹಿಡಿದು ಎದ್ದು ಬರುತ್ತಾರೆ. ಅವರದು ಪ್ರೀತಿಯೇ, ಅಲ್ವಾ? ನೋಯಿಸದೆ ಹೇಗೆ ಹೇಳಲಿ?

ಈಗ ಹೊದಿಕೆಯ ಬದಲು ಮಕ್ಕಳ ಸ್ಲೀಪಿಂಗ್ ಬ್ಯಾಗ್ (ಬಟ್ಟೆಯಂತೆ ಮೈಗೆ ತೊಡಿಸುವ ಚೀಲ) ತರೋಣ ಅಂತಿದ್ದೇವೆ, ತೋಳಿಲ್ಲದ್ದು. ಕತ್ತಿನ ಹತ್ತಿರ ಸಡಿಲವಿದ್ದರೆ ಮಗು ಒಳಗೆ ಜಾರಬಹುದು, ಹಾಗಾಗಿ ದೊಡ್ಡ ಸೈಜ್ ತರುವಂತಿಲ್ಲ. ಹಾಗಾದರೆ ಒಂದು ಬ್ಯಾಗ್ ಎಷ್ಟು ತಿಂಗಳು ಬರುತ್ತದೆ? ಒಳಗೆ ಉದ್ದ ತೋಳಿನ ಹತ್ತಿ ಬಟ್ಟೆ ಒಂದೇ ಸಾಕಾ? ಡಯಾಪರ್ ಬದಲಿಸಲು ಕೆಳಗಿನಿಂದ ತೆರೆಯುವ ಜಿಪ್ ಇದ್ದರೆ ಅನುಕೂಲವಾ? ಪೂರ್ತಿ ಬಿಚ್ಚಿದರೆ ಚಳಿಗೆ ಎಚ್ಚರವಾಗಿ ಅಳುತ್ತಾಳೆ, ಮತ್ತೆ ಮಲಗಿಸುವುದು ದೊಡ್ಡ ಕೆಲಸ.

ಇನ್ನೊಂದು. ರಾತ್ರಿಯಿಡೀ ಹೀಟರ್ ಹಾಕಿದರೆ ಗಾಳಿ ಒಣಗಿ ಅವಳ ಮೂಗು ಕಟ್ಟುತ್ತದೆ. ಮಲಗುವ ಮುಂಚೆ ಕೋಣೆ ಬೆಚ್ಚಗೆ ಮಾಡಿ ಆಮೇಲೆ ಆರಿಸಿಬಿಡುವವರು ಇದ್ದೀರಾ? ಬೆಳಗಿನವರೆಗೆ ಆ ಬಿಸಿ ಸಾಕಾಗುತ್ತದಾ? ಪುಟ್ಟ ಮಗು ಇರುವವರು ದಯವಿಟ್ಟು ನಿಮ್ಮ ಅನುಭವ ಬರೆಯಿರಿ.