ದೀಪ ಹತ್ತುತ್ತದೆ, ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು: ಮದರ್‌ಬೋರ್ಡ್ ಹೋಗಿದೆಯೇ?

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಕಡೆಯ ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕ. ಆರು ವರ್ಷಗಳಿಂದ ಬಳಸುತ್ತಿರುವ ನನ್ನ ಲ್ಯಾಪ್‌ಟಾಪ್ ಕಳೆದ ಸೋಮವಾರದಿಂದ ಆರಂಭವಾಗುತ್ತಿಲ್ಲ. ಪವರ್ ಗುಂಡಿ ಒತ್ತಿದರೆ ಬಿಳಿ ದೀಪ ಹತ್ತುತ್ತದೆ, ಫ್ಯಾನ್ ಏಳೆಂಟು ಸೆಕೆಂಡು ಜೋರಾಗಿ ತಿರುಗಿ ನಿಲ್ಲುತ್ತದೆ, ಸ್ವಲ್ಪ ಹೊತ್ತಿಗೆ ತಾನಾಗಿಯೇ ಮತ್ತೆ ತಿರುಗುತ್ತದೆ. ಪರದೆಯ ಮೇಲೆ ಕಂಪನಿಯ ಗುರುತು ಕೂಡ ಮೂಡುವುದಿಲ್ಲ. ಯಂತ್ರ ಕೆಳಗೆ ಬಿದ್ದಿಲ್ಲ, ಅದಕ್ಕೆ ನೀರೂ ತಾಗಿಲ್ಲ. ಆದರೆ ಮಳೆ ಹಿಡಿದ ಮೇಲೆ ಮೂರು ವಾರ ಅದನ್ನು ಕಪಾಟಿನಿಂದ ಹೊರಗೆ ತೆಗೆದೇ ಇರಲಿಲ್ಲ. ತೆಗೆದಾಗ ಚೀಲದ ಪಟ್ಟಿಗೆ ಬೂಷ್ಟು ಹಿಡಿದಿತ್ತು. ಪೇಟೆಯ ಅಂಗಡಿಯಲ್ಲಿ ತೋರಿಸಿದಾಗ ಅವರು ಮುಚ್ಚಳ ಬಿಚ್ಚದೆಯೇ, ಮದರ್‌ಬೋರ್ಡ್ (ಒಳಗಿನ ಭಾಗಗಳೆಲ್ಲ ಕೂಡಿಕೊಳ್ಳುವ ಮುಖ್ಯ ಫಲಕ) ಹೋಗಿದೆ, 14,000 ರೂಪಾಯಿ ಆಗುತ್ತದೆ ಎಂದರು. ಹಣಕ್ಕಿಂತ ಹೆಚ್ಚಾಗಿ, ನುಡಿ ತಂತ್ರಾಂಶದಲ್ಲಿ ನಾನೇ ಟೈಪ್ ಮಾಡಿದ ಪ್ರಶ್ನೆಪತ್ರಿಕೆಗಳೂ ಪಾಠದ ಟಿಪ್ಪಣಿಗಳೂ ಅದರಲ್ಲಿ ಮಾತ್ರ ಇವೆ ಎಂಬುದೇ ನನ್ನ ಚಿಂತೆ. ಮನೆಯಲ್ಲೇ ಪರೀಕ್ಷಿಸಬಹುದಾದದ್ದು ಏನಾದರೂ ಇದ್ದರೆ ದಯವಿಟ್ಟು ತಿಳಿಸಿ.

ಉತ್ತರ 1:

ಮೇಷ್ಟ್ರೇ, ನಾನು ಹನ್ನೆರಡು ವರ್ಷಗಳಿಂದ ದುರಸ್ತಿ ಕೆಲಸವನ್ನೇ ಮಾಡಿಕೊಂಡಿದ್ದೇನೆ. ಮುಚ್ಚಳ ಬಿಚ್ಚದೆ ಬೋರ್ಡಿನ ಬಗ್ಗೆ ತೀರ್ಮಾನ ಹೇಳುವುದು ಸರಿಯಾದ ಕ್ರಮವಲ್ಲ. ದೀಪ ಹತ್ತಿ ಫ್ಯಾನ್ ತಿರುಗುತ್ತಿದೆ ಎಂದ ಮೇಲೆ ಬೋರ್ಡಿಗೆ ಕರೆಂಟು ತಲುಪುತ್ತಿದೆ. ಚಾರ್ಜರ್ ಪಿನ್ ಚುಚ್ಚಿದ ಕೂಡಲೇ ಅಡಾಪ್ಟರಿನ ಮೇಲಿನ ದೀಪವೇ ಆರಿಹೋಗುತ್ತಿದ್ದರೆ ಬೋರ್ಡಿನಲ್ಲಿ ಶಾರ್ಟ್ ಇದೆಯೆಂದು ನಾನೂ ಶಂಕಿಸುತ್ತಿದ್ದೆ.

ಈಗ ನೋಡಬೇಕಾದದ್ದು, ಯಂತ್ರವು ಆರಂಭದ ಸ್ವಯಂ ತಪಾಸಣೆಯನ್ನು ಮುಗಿಸುತ್ತಿದೆಯೇ ಎಂಬುದನ್ನು. ಫ್ಯಾನ್ ತಿರುಗುತ್ತಿರುವಾಗ ಕ್ಯಾಪ್ಸ್ ಲಾಕ್ ಕೀಲಿಯನ್ನು ಒತ್ತಿ. ಅದರ ಪುಟ್ಟ ದೀಪ ಹತ್ತಿ ಆರುತ್ತಿದ್ದರೆ ಒಳಗೆ ಎಲ್ಲವೂ ನಡೆಯುತ್ತಿದೆ, ತೊಂದರೆ ಇರುವುದು ಪರದೆಯಲ್ಲಿ ಅಥವಾ ಅದರ ಕೇಬಲ್ಲಿನಲ್ಲಿ ಎಂದು ಬಹುಮಟ್ಟಿಗೆ ಹೇಳಬಹುದು. ಆಗ ಎಚ್‌ಡಿಎಂಐ ಕೇಬಲ್ಲಿನಿಂದ ಟಿವಿಗೆ ಜೋಡಿಸಿದರೆ ಚಿತ್ರ ಬರುತ್ತದೆ, ಕತ್ತಲಲ್ಲಿ ಪರದೆಗೆ ಓರೆಯಾಗಿ ಟಾರ್ಚ್ ಹಿಡಿದರೆ ಕೆಲವೊಮ್ಮೆ ಮಸುಕಾದ ಅಕ್ಷರಗಳೂ ಕಾಣುತ್ತವೆ. ಆ ದೀಪ ಸ್ಪಂದಿಸದಿದ್ದರೆ ಯಂತ್ರ ಆ ಹಂತಕ್ಕೆ ತಲುಪುತ್ತಿಲ್ಲ. ಫ್ಯಾನ್ ನಿಂತು ನಿಂತು ತಿರುಗುವುದನ್ನು ನೋಡಿದರೆ ನನಗೆ ಮೊದಲ ಅನುಮಾನ ರ‍್ಯಾಮ್ ಮೇಲೆ, ಅಂದರೆ ಯಂತ್ರ ಕೆಲಸ ಮಾಡುವಾಗ ಬಳಸುವ ತಾತ್ಕಾಲಿಕ ನೆನಪಿನ ಪಟ್ಟಿಯ ಮೇಲೆ.

ಮೊದಲು ಚಾರ್ಜರ್ ತೆಗೆದು, ಪವರ್ ಗುಂಡಿಯನ್ನು 30 ಸೆಕೆಂಡು ಒತ್ತಿ ಹಿಡಿದು, ಅನಂತರ ಚಾರ್ಜರ್ ಹಾಕಿ ಪ್ರಯತ್ನಿಸಿ. ಉಳಿದುಕೊಂಡ ವಿದ್ಯುತ್ತು ಹರಿದುಹೋಗಿ ಯಂತ್ರ ಎದ್ದದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಅದಕ್ಕೂ ಬಗ್ಗದಿದ್ದರೆ ಹಿಂಬದಿಯ ಮುಚ್ಚಳ ಬಿಚ್ಚಿ, ಎಲ್ಲಕ್ಕಿಂತ ಮೊದಲು ಬ್ಯಾಟರಿಯ ಕನೆಕ್ಟರನ್ನು ಬೋರ್ಡಿನಿಂದ ಬಿಡಿಸಿ. ಬ್ಯಾಟರಿ ಉಬ್ಬಿದ್ದರೆ ಅದನ್ನು ಮೀಟಲೂಬಾರದು, ಒತ್ತಲೂಬಾರದು, ಅಲ್ಲಿಗೇ ನಿಲ್ಲಿಸಿ. ಬಳಿಕ ಲೋಹದ ವಸ್ತುವೊಂದನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಂಡು, ಎರಡೂ ಪಕ್ಕದ ಕ್ಲಿಪ್ಪುಗಳನ್ನು ಹೊರಕ್ಕೆ ಸರಿಸಿದರೆ ರ‍್ಯಾಮ್ ತಾನಾಗಿಯೇ ಓರೆಯಾಗಿ ಮೇಲೇಳುತ್ತದೆ. ಅದರ ಅಂಚಿನ ಹೊಂಬಣ್ಣದ ಪಟ್ಟಿಗಳನ್ನು ಪೆನ್ಸಿಲ್ ಅಳಿಸುವ ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಒಣ ಕುಂಚದಿಂದ ತೆಗೆಯಿರಿ. ಬಾಯಿಂದ ಊದಬೇಡಿ, ಉಸಿರಿನ ತೇವ ತಾಗುತ್ತದೆ. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ನೋಡಿ.

ಉತ್ತರ 2:

ಮೇಲಿನವರು ಹೇಳಿದ ಕ್ರಮ ಸರಿಯಾಗಿದೆ. ಕಡತಗಳ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಬೋರ್ಡ್ ನಿಜವಾಗಿ ಹೋಗಿದ್ದರೂ ಕಡತಗಳು ಇರುವುದು ಎಸ್‌ಎಸ್‌ಡಿ ಎಂಬ ಸಂಗ್ರಹ ಸಾಧನದಲ್ಲಿ. ಅದು ಬೋರ್ಡಿಗೆ ಬೆಸೆದ ಬಗೆಯದಲ್ಲದಿದ್ದರೆ ಹೊರತೆಗೆದು, ಯುಎಸ್‌ಬಿ ಕೇಸಿನಲ್ಲಿ ಹಾಕಿ, ಬೇರೆ ಕಂಪ್ಯೂಟರಿನಲ್ಲಿ ತೆರೆಯಬಹುದು. ಆದರೆ ವಿಂಡೋಸ್ ಅದನ್ನು ಬಿಟ್‌ಲಾಕರಿನಿಂದ ಬೀಗ ಹಾಕಿಟ್ಟಿದ್ದರೆ 48 ಅಂಕಿಗಳ ರಿಕವರಿ ಕೀ ಬೇಕಾಗುತ್ತದೆ. ಎಷ್ಟೋ ಜನರಿಗೆ ತಮ್ಮ ಯಂತ್ರದಲ್ಲಿ ಈ ಬೀಗ ಇರುವುದೇ ಗೊತ್ತಿರುವುದಿಲ್ಲ. ಬೋರ್ಡ್ ಬದಲಾಯಿಸಿದರೂ ಅದೇ ಕೀ ಕೇಳುತ್ತದೆ. ಹಾಗಾಗಿ ಯಂತ್ರವನ್ನು ಯಾರ ಕೈಗಾದರೂ ಕೊಡುವ ಮೊದಲು ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಮೊಬೈಲಿನಿಂದ ಹೋಗಿ, ಕೀ ಅಲ್ಲಿದ್ದರೆ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಫಾರ್ಮ್ಯಾಟ್ ಮಾಡಿ ನೋಡೋಣ ಎಂದು ಯಾರೇ ಹೇಳಿದರೂ ಒಪ್ಪಬೇಡಿ.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಕ್ಯಾಪ್ಸ್ ಲಾಕ್ ದೀಪ ಸ್ಪಂದಿಸಲಿಲ್ಲ, 30 ಸೆಕೆಂಡಿನ ಉಪಾಯವೂ ಫಲಿಸಲಿಲ್ಲ. ಇಂದು ಬೆಳಿಗ್ಗೆ ಮುಚ್ಚಳ ಬಿಚ್ಚಿದೆ. ಒಳಗೆ ಎರಡು ರ‍್ಯಾಮ್ ಇದ್ದವು: ಮೊದಲಿನಿಂದ ಇದ್ದ 4 ಜಿಬಿಯದು, ಎರಡು ವರ್ಷದ ಹಿಂದೆ ಹಾಕಿಸಿದ 8 ಜಿಬಿಯದು. ಹೊಸದರ ಪಟ್ಟಿಗಳ ಒಂದು ತುದಿಯಲ್ಲಿ ಹಳೆಯ ತಾಮ್ರದ ಚೊಂಬಿನ ಕಿಲುಬಿನಂಥ ಮಂಕು ಕಲೆ ಕಾಣಿಸಿತು. ಹಳೆಯದೊಂದನ್ನೇ ಹಾಕಿದಾಗ ಯಂತ್ರ ನೇರವಾಗಿ ಆರಂಭವಾಯಿತು. ಕೂಡಲೇ ಮಿಕ್ಕೆಲ್ಲ ಬಿಟ್ಟು ಕಡತಗಳನ್ನು ಪೆನ್ ಡ್ರೈವಿಗೆ ನಕಲು ಮಾಡಿಕೊಂಡೆ. ಅನಂತರ ಹೊಸದನ್ನು ಉಜ್ಜಿ ಹಾಕಿದರೆ ಪರದೆ ಮತ್ತೆ ಕಪ್ಪು, ಎದೆ ಧಸಕ್ಕೆಂದಿತು. ಗುಂಡಿ ಒತ್ತಿ ಆರಿಸಲು ಹೊರಟವನು ಸ್ವಲ್ಪ ಕಾದೆ. ಒಂದು ನಿಮಿಷ ಕಳೆದ ಮೇಲೆ ಗುರುತು ಮೂಡಿತು, ಈಗ 12 ಜಿಬಿ ತೋರಿಸುತ್ತಿದೆ. ಒಂದೇ ತೊಡಕು: ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿದೆ, ಬ್ರೌಸರಿನಲ್ಲಿ ಯಾವ ಜಾಲತಾಣವೂ ತೆರೆಯುತ್ತಿಲ್ಲ.

ಉತ್ತರ 1:

ಬಹಳ ಸಂತೋಷವಾಯಿತು, ಮೇಷ್ಟ್ರೇ. ರ‍್ಯಾಮ್ ಬದಲಾದಾಗ ಬೋರ್ಡ್ ಅದನ್ನು ಹೊಸದಾಗಿ ಅಳೆದು ಹೊಂದಿಸಿಕೊಳ್ಳುವುದರಿಂದ ಮೊದಲ ಸಲ ತಡವಾಗುತ್ತದೆ. ನೀವು ಕಾದದ್ದು ಒಳ್ಳೆಯದಾಯಿತು. ಜಾಲತಾಣಗಳು ತೆರೆಯದಿರುವುದಕ್ಕೆ ಆ ದಿನಾಂಕವೇ ಕಾರಣ, ಏಕೆಂದರೆ ಅವುಗಳ ಭದ್ರತಾ ಪ್ರಮಾಣಪತ್ರಗಳಿಗೆ ಇಂತಿಷ್ಟು ಅವಧಿ ಎಂದಿರುತ್ತದೆ. ಸದ್ಯಕ್ಕೆ ದಿನಾಂಕ ಸರಿಪಡಿಸಿ. ಬ್ಯಾಟರಿ ಬಿಡಿಸಿದಾಗ ಗಡಿಯಾರ ನಿಂತಿದೆ ಎಂದರೆ ಬೋರ್ಡಿನ ಬಿಲ್ಲೆಯಂಥ ಪುಟ್ಟ ಸೆಲ್ ಮುಗಿದಿರಬಹುದು. ಸಾಮಾನ್ಯವಾಗಿ ಅದು 3 ವೋಲ್ಟಿನ ಸಿಆರ್2032. ಹಲವು ಲ್ಯಾಪ್‌ಟಾಪುಗಳಲ್ಲಿ ಎರಡು ತಂತಿಗಳ ಸಮೇತ ಬರುತ್ತದೆ, ಆದ್ದರಿಂದ ಕೊಳ್ಳುವಾಗ ಹಳೆಯದನ್ನು ಜೊತೆಗೆ ಒಯ್ದು ತೋರಿಸಿ. ಮಳೆಗಾಲ ಮುಗಿಯುವವರೆಗೆ ಎರಡು ದಿನಕ್ಕೊಮ್ಮೆಯಾದರೂ ಯಂತ್ರವನ್ನು ಅರ್ಧ ತಾಸು ಚಾಲೂ ಇಡಿ. ಒಳಗೆ ತೇವ ನಿಲ್ಲದಂತೆ ಅಷ್ಟು ಬಿಸಿ ಸಾಕಾಗುತ್ತದೆ.